ಚಂದ್ರನ ಮೇಲಿನ ನೀರುಗಂಟಿ

ಮಾದೇವಿ, ನಿನ್ನ ಅಪ್ಪನನ್ನು ನನ್ನ ತಾತನೆಂದು ಸುಳ್ಳು ಹೇಳಿ ನಾನು ಹೆಸರು ಮಾಡಿದೆ. ಇಷ್ಟು ವರ್ಷ ಬಾಯಿ ಬಿಡಲಿಲ್ಲ — ಯಾರೂ ಅನುಮಾನಿಸಲಿಲ್ಲವಲ್ಲ, ಅದಕ್ಕೆ.

ತೊಂಬತ್ತರ ದಶಕದಲ್ಲಿ ಪಾಂಡವಪುರದಲ್ಲಿ ನಾವಿಬ್ಬರೂ ಬಿ.ಎ. ಕೊನೆಯ ವರ್ಷ. ನಾನು ಶ್ರೀರಂಗಪಟ್ಟಣದ ಅರ್ಚಕರ ಮನೆಯವಳು. ನೀನು ಚಿನಕುರಳಿ ಕಡೆಯವಳು, ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಮಗಳು. ಚಂದ್ರನ ಮೇಲೆ ಜನ ಊರು ಕಟ್ಟಿದರೆ ಅದನ್ನು ಆಳುವುದು ಹೇಗೆ ಎಂಬ ಪ್ರಬಂಧ ಸ್ಪರ್ಧೆ ಬಂತು. ಗೆದ್ದ ಒಬ್ಬರಿಗೆ ಬೆಂಗಳೂರಿನಲ್ಲಿ ವಿಜ್ಞಾನ, ಕಾನೂನು, ಸಮಾಜಶಾಸ್ತ್ರ ಮೂರನ್ನೂ ಕೂಡಿಸಿ ಆ ವಿಷಯವನ್ನೇ ಓದುವ ಅವಕಾಶ, ಹಾಸ್ಟೆಲ್ ಖರ್ಚೂ ಸ್ಪರ್ಧೆ ನಡೆಸುವವರದೇ. ನನಗೆ ಅದು ಆಸೆ. ನಿನಗೆ ಅದೊಂದೇ ದಾರಿ — ಇಲ್ಲದಿದ್ದರೆ ಮದುವೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಲೈಬ್ರರಿಯ ಪುಸ್ತಕಗಳಿಂದ ದೇಶದೇಶಗಳ ಒಪ್ಪಂದಗಳನ್ನೆಲ್ಲ ಇಳಿಸಿ ಇಪ್ಪತ್ತು ಪುಟ ತುಂಬಿಸಿದ್ದೆ. ನಿನ್ನದು ಐದೇ ಪುಟ. ತಿದ್ದಿಕೊಡು ಎಂದು ನನ್ನ ಕೈಗಿತ್ತೆ. ಅಲ್ಲಿ ಗಾಳಿಗೂ ನೀರಿಗೂ ತೂಬು ಇರುತ್ತದೆ, ಅದನ್ನು ತೆರೆಯುವವನೇ ಅಲ್ಲಿನ ಸರ್ಕಾರ ಎಂದು ನೀನು ಬರೆದಿದ್ದೆ. ಅವನಿಗೆ ನಿಮ್ಮೂರ ಕಟ್ಟಳೆಯೇ ಇರಲಿ ಎಂದಿದ್ದೆ: ಕೆರೆಯ ಕೆಳಗೆ ಸ್ವಂತ ಗದ್ದೆ ಇದ್ದವನು ನೀರುಗಂಟಿಯಾಗುವಂತಿಲ್ಲ, ನೀರು ಕಡಿಮೆಯಾದ ವರ್ಷ ಕೊನೆಯ ಗದ್ದೆಗೇ ಮೊದಲು ಬಿಡಬೇಕು. ತೂಬಿನ ಪಕ್ಕದವನು ಜಗಳವಾಡಿಯಾದರೂ ಪಡೆಯುತ್ತಾನೆ, ಕೊನೆಯವನ ಕೂಗು ಯಾರಿಗೂ ಕೇಳಿಸುವುದಿಲ್ಲ.

ಓದಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅಷ್ಟು ಪುಸ್ತಕ ತಿರುವಿದ ನನಗೆ ಹೊಳೆಯದ್ದು, ಅಪ್ಪನಿಗೆ ಬುತ್ತಿ ಹೊತ್ತು ತಿರುಗಿದ ನಿನಗೆ — ಹೇಗೆ?

“ಇದನ್ನ ಓದಿದ್ರೆ ನಗ್ತಾರೆ ಕಣೇ. ಚಂದ್ರನ ಮೇಲೆ ನೀರುಗಂಟಿಯಂತೆ! ತೆಗೆದುಬಿಡು,” ಎಂದೆ.

ನಿನ್ನ ಮುಖ ಚಿಕ್ಕದಾಯಿತು. “ಅಂಗಾರೆ ಬ್ಯಾಡ ಬುಡಮ್ಮಿ. ನಿಂಗೊತ್ತಿರ್ತದೆ,” ಎಂದು ಆ ಎರಡು ಪುಟ ಕಿತ್ತು ಬೆಂಚಿನ ಮೇಲಿಟ್ಟು ಹೋದೆ.

ನಾನು ಅವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ನನ್ನ ಪ್ರಬಂಧದಲ್ಲಿ ಸೇರಿಸಿದೆ. ಬೆಂಗಳೂರಿನ ಸಂದರ್ಶನದಲ್ಲಿ, ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದರು.

“ನಮ್ಮ ತಾತ ನೀರುಗಂಟಿ,” ಎಂದೆ.

ಗರ್ಭಗುಡಿ ಬಿಟ್ಟು ಗದ್ದೆಗೆ ಕಾಲಿಡದ ತಾತ! ನಿನ್ನಪ್ಪ ಬಂದರೆ ಜಗುಲಿಯ ಕೆಳಗೇ ನಿಲ್ಲಿಸುತ್ತಿದ್ದ ಮನೆ ನಮ್ಮದು. ಅಲ್ಲಿದ್ದವರೆಲ್ಲ ಮೆಚ್ಚಿ ತಲೆಯಾಡಿಸಿದರು.

ಗೆದ್ದ ಮೇಲೂ ಹೊಟ್ಟೆಕಿಚ್ಚು ಆರಲಿಲ್ಲ. ಯಾರಾದರೂ ಆ ಭಾಗವನ್ನೇ ಎತ್ತಿ ಹೊಗಳಿದರೆ, ಹೊಗಳಿದ್ದು ನಿನ್ನನ್ನು ಎಂದು ಉರಿದುಕೊಳ್ಳುತ್ತಿದ್ದೆ. ಉಳಿದ ಪುಟಗಳನ್ನು ಒಬ್ಬರೂ ನೆನೆಯಲಿಲ್ಲ.

ನಿನ್ನ ಮದುವೆಗೆ ಅಕ್ಕಿಹೆಬ್ಬಾಳಿಗೆ ಬಂದಿದ್ದೆ. ಅರಿಶಿನದ ಕೈಯಲ್ಲೇ ನನ್ನ ಕೈ ಹಿಡಿದು ಕೇಳಿದೆಯಲ್ಲ — “ನಂದ್ರಲ್ಲಿ ಏನಮ್ಮಿ ಕಮ್ಮಿಯಾಗಿತ್ತು? ನಿಜ ಏಳು, ಬೇಜಾರ್ ಮಾಡ್ಕಳಾಕಿಲ್ಲ.”

ಭಾಷೆ ಸ್ವಲ್ಪ ಸಾಲದಾಯಿತು, ಎಂದೆ. ನೀನು ನಂಬಿದೆ. ಆಮೇಲೆ ನೀನು ಏನನ್ನೂ ಬರೆಯಲೇ ಇಲ್ಲವಂತೆ.

ಆ ಪ್ರಬಂಧ ಈಗಲೂ ಪುಸ್ತಕಗಳಲ್ಲಿ ನನ್ನ ಹೆಸರಿನಲ್ಲಿ ಅಚ್ಚಾಗುತ್ತಿದೆ. ಅದರಲ್ಲಿನ ನೀರುಗಂಟಿಯ ಭಾಗ ಯಾರದೆಂದು ಪ್ರಕಾಶಕರಿಗೆ ಬರೆದು ಇವತ್ತು ಅಂಚೆಗೆ ಹಾಕಿದೆ. ನಿನ್ನ ಎರಡು ಪುಟಗಳನ್ನು ಇದರ ಜೊತೆ ಇಟ್ಟಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅವತ್ತು ಚಪ್ಪರದ ಕೆಳಗೆ ನೀನು ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡುತ್ತೇನೆ — ಏನೂ ಕಮ್ಮಿ ಇರಲಿಲ್ಲ, ಮಾದೇವಿ. ನೀನು ಗೆಲ್ಲುತ್ತಿದ್ದೆ.