ಮಾಬ್ಲಣ್ಣನ ಒಂದೇ ಪಾಸ್‌ವರ್ಡ್

ಏಣಿಯ ತುದಿಯಲ್ಲಿ ನಿಂತು, ಬಾಯಲ್ಲಿ ಎಲೆಯಡಿಕೆಯ ಕವಳ ತುಂಬಿಕೊಂಡು, ಕ್ಯಾಮರಾದ ಪಾಸ್‌ವರ್ಡನ್ನು ಇಡೀ ಕೇರಿಗೆ ಕೇಳುವಂತೆ ಕೂಗುವ ಮನುಷ್ಯನನ್ನು ನಾನು ಕಂಡದ್ದು ಒಬ್ಬನನ್ನೇ. ಹೊನ್ನಾವರದ ನನ್ನ ಅಂಗಡಿಯ ಕ್ಯಾಮರಾಗಳನ್ನು ಭಟ್ಕಳದಿಂದ ಕುಮಟಾದವರೆಗೆ ಮನೆಮನೆಗೆ ಕೂಡ್ರಿಸುತ್ತಿದ್ದವರು ಮಾಬ್ಲಣ್ಣ. ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್: ಅವರ ಹೆಂಡತಿಯ ಹೆಸರು, ಮುಂದೆ ಒಂದು, ಎರಡು, ಮೂರು.

ನಾನು ತಲೆ ಚಚ್ಚಿಕೊಂಡರೂ ಅವರದು ಒಂದೇ ಉತ್ತರ: “ಜನ ಮರೀತಾರೆ ತಮಾ. ಮನೆ ಕೀಲಿ ಹಂಚಿನ ಸಂದಿಗೆ ಇಟ್ಟು ಪೇಟೆಗೆ ಹೋಗೋರು ನಾವು. ಇದಕ್ಕೆ ಎಂತ ಅಷ್ಟು ಗುಟ್ಟು?”

ಸಾಲದ್ದಕ್ಕೆ, ತಮ್ಮ ಮೊಬೈಲಿನಲ್ಲಿ ಎಲ್ಲರ ಅಂಗಳವನ್ನೂ ತೆರೆದುಕೊಂಡು ಕೂರುತ್ತಿದ್ದರು. ಮುಟ್ಟಳ್ಳಿ ಊರಿನ ಮನೆಯೊಂದಕ್ಕೆ ಫೋನ್ ಮಾಡಿ “ನಿಮ್ಮ ತೋಟಕ್ಕೆ ದನ ಹೊಕ್ಕತು, ಓಡ್ಸಿ” ಎನ್ನುವರು. ಮೀನು ಒಣಹಾಕಿದವರಿಗೆ ಕಾಗೆಯ ಸುದ್ದಿ ಮುಟ್ಟಿಸುವರು. ಬೈಯಬೇಕಾದ ಜನ ಉಪಕಾರವಾಯಿತು ಎನ್ನುತ್ತಿದ್ದರು. ನನ್ನ ಸಿಟ್ಟು ಒಬ್ಬರಿಗೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಸರ್ಕಾರದ ಹೊಸ ನಿಯಮ ಬಂತು. ಇಂಟರ್ನೆಟ್ಟಿಗೆ ಜೋಡಿಸುವ ಕ್ಯಾಮರಾ ಸುರಕ್ಷತಾ ಪರೀಕ್ಷೆ ಪಾಸಾಗಿರಬೇಕು, ಕಂಡವರೆಲ್ಲ ಒಳಹೊಕ್ಕು ನೋಡುವಂತಿರಬಾರದು. ಹಳೆಯ ಮಾಲನ್ನು ಮೂಲೆಗೆ ತಳ್ಳಿ ಹೊಸದು ತರಿಸಿದೆ. ಅದನ್ನು ಚಾಲೂ ಮಾಡುವಾಗ ಮನೆಯವರೇ ತಮ್ಮ ಪಾಸ್‌ವರ್ಡ್ ಇಡಬೇಕು. ಮಾಬ್ಲಣ್ಣ ಅದಕ್ಕೂ ಹೆಂಡತಿಯ ಹೆಸರನ್ನೇ ಒತ್ತಿ ಬಂದರು!

“ಹೊಸದೇ ಮಾರಾಯ. ಕಡೆಗೆ ನಾಕು ಸೇರ್ಸಿದೆ.”

“ಅಂಗಡಿಗೆ ಬೀಗ ಬಿದ್ದರೆ ನಿಮ್ಮ ಮನೆಗೇ ಊಟಕ್ಕೆ ಬರ್ತೇನೆ!” ಎಂದು ಕೂಗಾಡಿದೆ.

“ಬಾ. ಬಂಗಡೆ ಸಾರು ಇರ್ತದೆ.”

ಅವರನ್ನು ತಿದ್ದಿದ್ದು ನಾನೂ ಅಲ್ಲ, ನಿಯಮವೂ ಅಲ್ಲ. ಹೊಳನಗದ್ದೆ ಊರಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬರೇ ಇರುವ ಸಾವಿತ್ರಕ್ಕ. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಅಳುತ್ತಿದ್ದಾಗ ಅವರಿಗೆ ಮಾಬ್ಲಣ್ಣನ ಫೋನ್ ಬಂತು: “ಸಾವಿತ್ರಕ್ಕ, ಎಂತಕ್ಕೆ ಅಳ್ತೀರಿ?”

ಮರುದಿನ ಸಾವಿತ್ರಕ್ಕ ಬಸ್ಸು ಹಿಡಿದು ಅಂಗಡಿಗೇ ಬಂದರು. “ನನ್ನ ಮನೇಲಿ ನಂಗೆ ಅಳೂಕೂ ಜಾಗ ಇಲ್ಲದಾಂಗೆ ಮಾಡಿದ್ರಿ” ಎಂದರು. ಮಾಬ್ಲಣ್ಣ ಹೊರಗೆ ಹೋಗಿ ಕವಳ ಉಗಿದು ಬಂದು, ತಲೆ ತಗ್ಗಿಸಿ, “ತಪ್ಪಾತು” ಎಂದರು.

ಆಮೇಲೆ ಮೊದಲು ಕ್ಯಾಮರಾ ಕೂಡ್ರಿಸಿದ ಮನೆಗಳಿಗೆಲ್ಲ ಏಣಿ ಹೊತ್ತು ಮತ್ತೆ ಹೋದರು. ಮನೆಯವರು ಪಾಸ್‌ವರ್ಡ್ ಒತ್ತುವಾಗ ತಾವು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅಷ್ಟನ್ನು ಯಾವ ನಿಯಮವೂ ಕೇಳಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದ ಮಾಬ್ಲಣ್ಣ ತಿರುಗಿ ಬರಲಿಲ್ಲ. ಈಗ ಜನ ತಮ್ಮ ತಮ್ಮ ಪಾಸ್‌ವರ್ಡ್ ಮರೆತು ನನ್ನ ತಲೆ ತಿನ್ನುತ್ತಾರೆ. ಮಾಬ್ಲಣ್ಣನನ್ನು ಬೈದುಕೊಳ್ಳುತ್ತಲೇ ಏಣಿ ಹತ್ತುತ್ತೇನೆ. ಮೊನ್ನೆ ಸಾವಿತ್ರಕ್ಕನೂ ಮರೆತಿದ್ದರು. ಅವರು ಹೊಸದನ್ನು ಒತ್ತಿ “ಆತು” ಎನ್ನುವವರೆಗೆ ನಾನೂ ಗೋಡೆ ನೋಡುತ್ತ ನಿಂತೆ.

“ಈಗ ಇದನ್ನ ಬೇರೆ ಯಾರೂ ನೋಡೂದಿಲ್ಲ ಅಲ್ದಾ?”

“ಯಾರೂ ನೋಡೂದಿಲ್ಲ ಅಕ್ಕ.”

ಅಂಗಳದ ಚಾಪೆಯಿಂದ ಕಾಗೆಗಳು ಒಣಮೀನು ಎಳೆಯುತ್ತಿದ್ದವು. ಸಾವಿತ್ರಕ್ಕ ಅವನ್ನು ಓಡಿಸಲು ಏಳಲಿಲ್ಲ. ಕೈಯಲ್ಲಿದ್ದ ಫೋನನ್ನೇ ನೋಡುತ್ತ ಕೂತಿದ್ದರು. ಅದು ರಿಂಗಾಗುವುದಿಲ್ಲವೆಂದು ಗೊತ್ತಿದ್ದೂ, ನಾನೂ ಸ್ವಲ್ಪ ಹೊತ್ತು ಕಾದೆ.