ಮಾವನ ಮೆಲುಪೆಟ್ಟುಗಳು

ಮನೆಯವರೆಲ್ಲ ಅವಳನ್ನು ಪಾದರಸ ಎಂದೇ ಕರೆಯುತ್ತಿದ್ದರು. ನಲವತ್ತೆರಡು ತುಂಬಿದರೂ ಒಂದು ಕಡೆ ನೆಟ್ಟಗೆ ಕೂತವಳಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಏಳುವಳು, ಫೋನು ಕಿವಿಗಿಟ್ಟರೆ ಮೆಟ್ಟಿಲು ಹತ್ತಿಳಿಯುವಳು. ಅಂಥವಳಿಗೆ ಗಂಟುಬಿದ್ದದ್ದು ಮಾತ್ರ ಕುರ್ಚಿಗೆ ಅಂಟಿಕೊಂಡೇ ಮಾಡಬೇಕಾದ ಕೆಲಸ. ಕಿಟಕಿಯಿಲ್ಲದ ಒಂದು ಸಣ್ಣ ಸ್ಟುಡಿಯೋದಲ್ಲಿ ಕೂತು, ಯಾರೋ ಗಟ್ಟಿಯಾಗಿ ಓದಿದ ಪುಸ್ತಕಗಳ ರೆಕಾರ್ಡಿಂಗಿನಿಂದ ಕೆಮ್ಮು, ತಡವರಿಕೆ, ಪುಟ ತಿರುವಿದ ಸದ್ದುಗಳನ್ನು ಕತ್ತರಿಸಿ ತೆಗೆಯುವುದು. ಬಿಟ್ಟುಬಿಡ್ತೀನಿ, ಬಿಟ್ಟುಬಿಡ್ತೀನಿ ಎನ್ನುತ್ತಲೇ ಹದಿನೈದು ವರ್ಷ ಕಳೆದಿದ್ದಳು.

ಅವಳ ಸೋದರಮಾವ ಡ್ರಮ್ ಬಾರಿಸುವವರು. ಹಾಡುಗಾರರ ಬೆನ್ನ ಹಿಂದೆ ಮೂವತ್ತೆಂಟು ವರ್ಷ ಕೂತವರು; ಅವರ ಮುಖ ನೋಡಿದವರಿಗಿಂತ ಸದ್ದು ಕೇಳಿದವರೇ ಹೆಚ್ಚು. ಒಂದು ಬೆಳಿಗ್ಗೆ ಶರಟಿನ ಗುಂಡಿ ಹಾಕುವಾಗ ಅವರ ಬಲಗೈ ಬೆರಳುಗಳು ತಮ್ಮಷ್ಟಕ್ಕೆ ತಾವೇ ಅದುರಿದವು. ಇದು ನಿಲ್ಲುವುದಿಲ್ಲ, ನಿಧಾನಕ್ಕೆ ಹೆಚ್ಚುತ್ತದೆ ಎಂದರು ಡಾಕ್ಟರು. ಮಾವ ಆಸ್ಪತ್ರೆಯ ಗೇಟು ದಾಟುವ ಮೊದಲೇ ಅಕ್ಕನ ಮಗಳಿಗೆ ಫೋನು ಮಾಡಿದರು.

"ನೋಡಮ್ಮ, ಕೈ ನನ್ನ ಮಾತು ಕೇಳೋವಾಗ್ಲೇ ಎಲ್ಲಾ ಪೆಟ್ಟೂ ಹಿಡಿದಿಟ್ಕೊಂಡುಬಿಡು. ಆಮೇಲೆ ಯಾರು ಬೇಕಾದ್ರೂ ಬಾರಿಸ್ಕೊಳ್ಳಲಿ."

ಅವರು ಹೇಳಿದ್ದು ಸ್ಯಾಂಪಲ್ಲುಗಳ ವಿಷಯ. ಒಂದೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಇಟ್ಟರೆ, ಸಂಗೀತದ ಕೀಬೋರ್ಡಿನ ಒಂದು ಮನೆ ಒತ್ತಿದಾಗ ಆ ಪೆಟ್ಟು ಕೇಳಿಸುತ್ತದೆ. ಜೋರಾಗಿ ಒತ್ತಿದರೆ ಜೋರು ಪೆಟ್ಟು, ಹಗುರಾಗಿ ಒತ್ತಿದರೆ ಹಗುರ ಪೆಟ್ಟು.

ಸ್ಟುಡಿಯೋಗೆ ರಜೆಯಿದ್ದ ಎರಡು ಭಾನುವಾರ ಮಾವ ಡ್ರಮ್ಮುಗಳನ್ನು ತಂದು ಕೂತರು. ಪ್ರತಿ ಡ್ರಮ್ಮಿನ ಮೇಲೂ ಬಲವಾದ ಏಟಿನಿಂದ ಶುರುಮಾಡಿ, ಇಳಿಸುತ್ತ ಇಳಿಸುತ್ತ, ಕಡ್ಡಿ ಚರ್ಮವನ್ನು ಸವರಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಒಂದು ಪೆಟ್ಟು, ಅದರ ಸದ್ದು ಪೂರ್ತಿ ಆರುವವರೆಗೆ ಮೌನ, ಮತ್ತೊಂದು ಪೆಟ್ಟು. ಒಟ್ಟು ಎರಡು ಸಾವಿರದ ಆರುನೂರು.

ಸೋಮವಾರ ಪಾದರಸ ಕತ್ತರಿಸಲು ಕೂತಳು. ಪೆಟ್ಟಿನ ಮೊದಲ ತುದಿ ಹುಡುಕು, ಕತ್ತರಿಸು, ಸದ್ದಿನ ಬಾಲವನ್ನು ಮೆಲ್ಲಗೆ ಆರಿಸು, ಹೆಸರಿಡು. ಮತ್ತೆ ಹುಡುಕು. ಎಪ್ಪತ್ತು ಮುಗಿಯುವಷ್ಟರಲ್ಲಿ ಒಂಬತ್ತು ಸಲ ನೀರು ಕುಡಿದು ಬಂದಿದ್ದಳು, ಕಾಲು ಜೋಮು ಹಿಡಿದಿತ್ತು, ಮೈಯೆಲ್ಲ ಪರಚಿಕೊಳ್ಳುವಂತಾಗಿತ್ತು. "ಹೀಗೇ ಆದ್ರೆ ನಾನು ಹುಚ್ಚಾಸ್ಪತ್ರೆ ಸೇರ್ತೀನಿ" ಎಂದು ಗೋಡೆಗೆ ಹೇಳಿದಳು. ಫೈಲುಗಳಿಗೆ ಹೆಸರಿಡುವ ಸಣ್ಣಪುಟ್ಟ ಪ್ರೋಗ್ರಾಮು ಬರೆದು ಅವಳಿಗೆ ಗೊತ್ತಿತ್ತು. ಇದನ್ನೂ ಯಂತ್ರವೇ ಮಾಡಲಿ ಎಂದು ಹಠಕ್ಕೆ ಬಿದ್ದಳು.

ಉಪಾಯ ಸರಳವಾಗಿತ್ತು. ಮೌನ ಎಲ್ಲಿ ಮುರಿಯುತ್ತದೋ ಅಲ್ಲಿ ಕತ್ತರಿಸು, ಸದ್ದು ಎಲ್ಲಿ ಸಾಯುತ್ತದೋ ಅಲ್ಲಿ ನಿಲ್ಲಿಸು. ಮೊದಲ ಸಲ ಓಡಿಸಿದಾಗ ನಾಲ್ಕು ಸಾವಿರ ತುಂಡು ಬಂದವು. ಮಾವನ ಕೆಮ್ಮೂ ಡ್ರಮ್ಮಾಗಿತ್ತು, ಕುರ್ಚಿಯ ಕಿರುಗುಟ್ಟುವಿಕೆಯೂ ಡ್ರಮ್ಮಾಗಿತ್ತು. "ಅಯ್ಯೋ, ಸೊಂಟ" ಎಂಬ ಮಾತಿಗೂ ನಂಬರು ಬಿದ್ದಿತ್ತು. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ, ಇಷ್ಟಕ್ಕಿಂತ ಸಣ್ಣ ಸದ್ದನ್ನು ಲೆಕ್ಕಕ್ಕೇ ಹಿಡಿಯಬೇಡ ಎಂದು ಬಿಗಿ ಮಾಡಿದಳು. ಈ ಸಲ ಕಸ ಹೋಯಿತು. ಎರಡು ಸಾವಿರಕ್ಕೂ ಮೇಲ್ಪಟ್ಟ ಪೆಟ್ಟುಗಳು ಕೆಲವೇ ನಿಮಿಷದಲ್ಲಿ ಸಾಲಾಗಿ ನಿಂತವು. ಎಷ್ಟು ಕಡಿಮೆ ಬಂದಿವೆ ಎಂದು ನೋಡುವ ತಾಳ್ಮೆಯೂ ಇಲ್ಲದೆ ಮಾವನನ್ನು ಕರೆಸಿದಳು.

ಮಾವ ಅತ್ತೆಯ ಜೊತೆ ಬಂದರು. ಕೀಬೋರ್ಡಿನ ಮುಂದೆ ಕೂತು ಒತ್ತಿದರು. ಜೋರು ಪೆಟ್ಟು ಕೋಣೆಯನ್ನೇ ತುಂಬಿತು. "ಇವರೇ ಬಾರಿಸಿದ ಹಾಗಿದೆ!" ಎಂದರು ಅತ್ತೆ. ಮಾವ ಬೆರಳನ್ನು ಹಗುರ ಮಾಡಿದರು. ಪೆಟ್ಟು ಒಂದು ಮಟ್ಟಕ್ಕಿಂತ ಸಣ್ಣದಾಗಲಿಲ್ಲ. ಇನ್ನೂ ಹಗುರ ಮಾಡಿದರು. ಅದೇ ಸದ್ದು.

"ಮೆಲ್ಲಗೆ ಬಾರಿಸಿದ್ದೆಲ್ಲ ಎಲ್ಲಿ ಹೋಯ್ತು?"

"ಮಾವ, ಅವು ನಿಮ್ಮ ಕುರ್ಚಿ ಸದ್ದಿಗಿಂತ ಸಣ್ಣಕ್ಕಿವೆ. ಯಂತ್ರಕ್ಕೆ ಗೊತ್ತಾಗಲ್ಲ. ಅಷ್ಟು ಮೆಲ್ಲಗಿರೋದು ಯಾರಿಗೆ ಕೇಳ್ಸುತ್ತೆ ಹೇಳಿ?"

ಮಾವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. "ಜೋರಾಗಿ ಹೊಡೆಯೋಕೆ ನಾನೇ ಬೇಕಾ? ಹಾಡೋರ ಮೇಲೆ ಬೀಳದ ಹಾಗೆ ಬಾರಿಸೋದನ್ನ ಕಲಿಯೋಕೇ ಇಪ್ಪತ್ತು ವರ್ಷ ಹಿಡೀತು ಕಣಮ್ಮ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. "ಇನ್ನೊಂದ್ಸಲ ರೆಕಾರ್ಡ್ ಮಾಡೋಣ" ಎಂದು ಅಲ್ಲೇ ಮೈಕು ಎಳೆದಳು. ಮಾವ ಕಡ್ಡಿ ಹಿಡಿದು, ಮೂಲೆಯಲ್ಲೇ ಉಳಿದಿದ್ದ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಮೇಲೆ ಮೆಲ್ಲಗೆ ಇಳಿಸಿದರು. ಒಂದರ ಬದಲು ಎರಡು ತಟ್ಟು ಕೇಳಿಸಿದವು. ಮತ್ತೆ ಇಳಿಸಿದರು. ಮೂರು. ರೆಕಾರ್ಡಿಂಗ್ ಮುಗಿದ ಮೂರೇ ವಾರದಲ್ಲಿ ಕೈ ಅಷ್ಟು ಕೆಟ್ಟಿತ್ತು. ಅತ್ತೆ ಎದ್ದು ಬಂದು ಕಡ್ಡಿಯನ್ನು ಅವರ ಕೈಯಿಂದ ಬಿಡಿಸಿಕೊಂಡರು.

ಮರುದಿನ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇನ್ನು ಆ ಮೆಲುಪೆಟ್ಟುಗಳು ಬೇಕೆಂದರೆ ಹಳೆಯ ರೆಕಾರ್ಡಿಂಗಿನಲ್ಲೇ ಹುಡುಕಬೇಕು. ಯಂತ್ರದ ಬಿಗಿ ಸಡಿಲಿಸಿದರೆ ಕುರ್ಚಿ ಬರುತ್ತದೆ, ಬಿಗಿ ಮಾಡಿದರೆ ಮಾವ ಹೋಗುತ್ತಾರೆ. ಬೀದಿಯ ತುದಿಯವರೆಗೆ ನಡೆದಳು, ವಾಪಸು ಬಂದಳು, ಮತ್ತೆ ನಡೆದಳು. ತಲೆ ಕೆಟ್ಟು, ಇಡೀ ರೆಕಾರ್ಡಿಂಗಿನ ಸದ್ದಿನ ಗೆರೆಯನ್ನು ಪರದೆಯ ಮೇಲೆ ಚಿಕ್ಕದಾಗಿ ಮಾಡಿ ಸುಮ್ಮನೆ ದೂರದಿಂದ ನೋಡುತ್ತ ನಿಂತಳು. ಆಗ ಕಣ್ಣಿಗೆ ಬಿತ್ತು. ಜೋರು ಪೆಟ್ಟುಗಳ ಗುರುತುಗಳು ಬೇಲಿಯ ಗೂಟಗಳಂತೆ ಸಮನಾಗಿ ನಿಂತಿದ್ದವು. ಅಳೆದಳು. ಎಲ್ಲಿ ಅಳೆದರೂ ಒಂದೇ ಅಂತರ.

ಓಡುತ್ತಲೇ ಫೋನು ಹಚ್ಚಿದಳು. "ಮಾವ, ಒಂದು ಪೆಟ್ಟಿಂದ ಇನ್ನೊಂದು ಪೆಟ್ಟಿಗೆ ನೀವು ಏನಾದ್ರೂ ಎಣಿಸ್ತಿದ್ರಾ?"

"ಎಂಟು ಎಣಿಸ್ತಿದ್ದೆ. ಯಾಕೆ?"

"ಪ್ರತಿ ಸಲವೂ?"

"ಮತ್ತಿನ್ನೇನು, ಮನಸ್ಸಿಗೆ ಬಂದಾಗ ಹೊಡೀತಾರೇನೇ?"

ಪ್ರೋಗ್ರಾಮನ್ನು ಬುಡದಿಂದ ತಿದ್ದಿದಳು. ಸದ್ದು ಎಷ್ಟು ದೊಡ್ಡದು ಎಂದು ನೋಡಬೇಡ. ಹಿಂದಿನ ಪೆಟ್ಟಿನಿಂದ ಎಂಟು ಎಣಿಸಿ, ಅಲ್ಲಿ ಮಾತ್ರ ಕಿವಿಯಿಟ್ಟು ಹುಡುಕು. ಕುರ್ಚಿ ಎಣಿಸಿಕೊಂಡು ಕಿರುಗುಟ್ಟುವುದಿಲ್ಲ, ಕೆಮ್ಮೂ ಅಷ್ಟೆ. ಕಾಣೆಯಾಗಿದ್ದ ನಾನೂರು ಚಿಲ್ಲರೆ ಪೆಟ್ಟುಗಳಲ್ಲಿ ಬಹುಪಾಲು ಎಣಿಕೆಗೆ ಸರಿಯಾಗಿ ಸಿಕ್ಕವು. ಮೂವತ್ತೊಂದನ್ನು ಯಂತ್ರ ಕಂಡುಹಿಡಿಯಲಿಲ್ಲ. ಅವಕ್ಕಾಗಿ ಅವಳೇ ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ, ಎರಡು ದಿನ ಕುರ್ಚಿ ಬಿಡದೆ ಕೂತಳು. ಇಪ್ಪತ್ತಾರು ಸಿಕ್ಕವು. ಐದು ಸಿಗಲೇ ಇಲ್ಲ.

ಮಾವ ಮತ್ತೆ ಬಂದರು. ಈ ಸಲ ಬೆರಳು ಹಗುರಾದಂತೆ ಪೆಟ್ಟೂ ಹಗುರಾಗುತ್ತ, ಕೊನೆಗೆ ಉಸಿರಿನಷ್ಟಾಯಿತು. ಅವರು ಬಹಳ ಹೊತ್ತು ಅದನ್ನೇ ಒತ್ತುತ್ತ ಕೂತರು. ಮೆಚ್ಚುಗೆಯ ಒಂದು ಮಾತಿಗಾಗಿ ಅವಳು ಬಾಗಿಲ ಬಳಿ ಶತಪಥ ಹಾಕುತ್ತಿದ್ದಳು.

"ಇದೊಂದು ಕೂದಲೆಳೆ ತಡ" ಎಂದರು ಮಾವ.

ತೆರೆದು ನೋಡಿದರೆ ನಿಜ. ಯಂತ್ರ ತುದಿಯನ್ನು ಕೊಂಚ ಮುಂಚೆಯೇ ಕತ್ತರಿಸಿತ್ತು. ಪೆಟ್ಟಿಗೆ ಮೊದಲು ಚೂರು ಮೌನ ಉಳಿದಿತ್ತು. ಅವಳು ಸರಿಮಾಡಿದಳು. ಮಾವ ತಲೆಯಾಡಿಸಿದರು.

ಆ ಪೆಟ್ಟುಗಳನ್ನು ಈಗ ಎಷ್ಟೋ ಹಾಡುಗಳಿಗೆ ಬಳಸುತ್ತಾರೆ. ಪಾದರಸ ಸ್ಟುಡಿಯೋ ಕೆಲಸವನ್ನು ಕಡೆಗೂ ಬಿಟ್ಟಳು. ಮೈಕು, ಕೇಬಲ್ಲುಗಳ ಚೀಲ ಹೆಗಲಿಗೇರಿಸಿ, ವಯಸ್ಸಾದ ವಾದ್ಯಗಾರರ ಮನೆಯಿಂದ ಮನೆಗೆ ಅಲೆಯುತ್ತಾಳೆ. ಎಷ್ಟು ಮನೆ ಸುತ್ತಿದರೂ ತಡವಾಯಿತೇನೋ ಎಂಬ ಆತಂಕ ಅವಳನ್ನು ಬಿಟ್ಟಿಲ್ಲ. ಕಳೆದ ವಾರ ಬಾಗಿಲು ತಟ್ಟಿದ ಮನೆಯಲ್ಲಿ, "ಹೋದ ತಿಂಗಳು ಬಂದಿದ್ರೆ ಸಿಗ್ತಿದ್ರು" ಎಂದರು. ಅವಳು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ, ಪಟ್ಟಿಯಲ್ಲಿದ್ದ ಮುಂದಿನ ಮನೆಯ ಕಡೆ ಹೋಗುವ ಬಸ್ಸು ಹಿಡಿಯಲು ಓಡಿದಳು.