ಜಾಗ ಬಿಡದ ಗುರುತು

ಚಿಕ್ಕೋಡಿಯ ಕಾಲೇಜಿನಲ್ಲಿ ಭೂಗೋಳ ಕಲಿಸುವ ನಮಗೆಲ್ಲ ಡ್ರೋನ್ ತರಬೇತಿ ಇಟ್ಟಿದ್ದರು. ನದಿಯ ದಂಡೆ ಎಷ್ಟು ಕುಸಿದಿದೆ ಎಂದು ಅಳೆಯಲು ಉಗಾರ ಬುದ್ರುಕಕ್ಕೇ ಹೋಗೋಣ ಎಂದು ಹಟ ಹಿಡಿದವಳು ನಾನು. ಅಲ್ಲಿ ಕೃಷ್ಣೆಯ ದಂಡೆಗೆ ನನ್ನ ತವರಿನ ಕಬ್ಬಿನ ಹೊಲವಿದೆ, ಹೊಲದಲ್ಲಿ ಅವ್ವನ ಸಮಾಧಿಯಿದೆ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಹಬ್ಬ ಬಂದರೆ ಮೊದಲ ಎಡೆ ಅವರಿಗೇ.

ಹಿಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ಹೊಲಕ್ಕೆ ನುಗ್ಗಿದಾಗ ಫೋನು ಮಾಡಿ ಕೇಳಿದ್ದೆ, "ಅವ್ವನ ಸಮಾಧಿ ಐತಿಲ್ಲೋ ಯಣ್ಣಾ?"

"ಐತಿ ತಂಗಿ, ಏನೂ ಆಗಿಲ್ಲ," ಅಂದಿದ್ದ ಅಣ್ಣ.

ದೀಪಾವಳಿಗೆ ಹೋಗಿ ಎಡೆ ಇಟ್ಟು ಬಂದೆ. ಸಮಾಧಿಯ ಕಲ್ಲಿನ ಕಟ್ಟೆಗೆ ಅಣ್ಣ ಹೊಸ ಸುಣ್ಣ ಬಳಿದಿದ್ದ. ಸುತ್ತ ಆಳೆತ್ತರದ ಕಬ್ಬು, ಎಲ್ಲಿ ನಿಂತರೂ ಒಂದೇ ಥರ.

ತರಬೇತಿ ಕೊಡುವವರು ದಂಡೆಯ ಮೇಲೆ ನಿಂತು ಹೇಳಿದರು, "ಹಳೆಯ ಚಿತ್ರದಲ್ಲೂ ಇವತ್ತಿನ ಚಿತ್ರದಲ್ಲೂ ಕಾಣುವ, ಜಾಗ ಬಿಡದ ಗುರುತು ಆರಿಸಿಕೊಳ್ಳಿ. ಅದನ್ನು ಹಿಡಿದೇ ಎರಡನ್ನೂ ಕೂಡಿಸಬೇಕು." ಒಬ್ಬರು ಬಾವಿ ಆರಿಸಿದರು, ಒಬ್ಬರು ಪಂಪ್‌ಸೆಟ್ ಮನೆ. ನಾನು ಅವ್ವನ ಕಟ್ಟೆ ಆರಿಸಿದೆ. ಸತ್ತವರಷ್ಟು ಗಟ್ಟಿಯಾಗಿ ಕೂತವರು ಬೇರೆ ಯಾರಿದ್ದಾರೆ ಎಂದು ನಕ್ಕೆ ಕೂಡ.

ಮರುದಿನ ಕಂಪ್ಯೂಟರಿನಲ್ಲಿ ಎಲ್ಲರ ಗುರುತೂ ಕೂಡಿತು, ನನ್ನದು ಕೂಡಲಿಲ್ಲ.

"ಮೇಡಂ, ತಪ್ಪು ಗುರುತು ಹಾಕಿದ್ದೀರಿ," ಎಂದರು ತರಬೇತಿ ಕೊಡುವವರು.

ನನಗೆ ರೇಗಿತು. "ಸಮಾಧಿ ಎದ್ದ ಅಡ್ಡಾಡ್ತೈತೇನ್ರಿ?"

ಅವರು ಹೊಳೆ ಉಕ್ಕುವ ಮೊದಲಿನ ಉಪಗ್ರಹ ಚಿತ್ರವನ್ನು ನಮ್ಮ ಚಿತ್ರದ ಮೇಲೆ ಇಟ್ಟು ತೋರಿಸಿದರು. ಹಳೆಯ ಬಿಳಿ ಚುಕ್ಕೆ ಇದ್ದಲ್ಲಿ ಈಗ ಹೊಳೆಯ ನೀರು. ಇವತ್ತಿನ ಚುಕ್ಕೆ ಬಹಳ ಈಚೆಗೆ, ಕಬ್ಬಿನ ನಡುವೆ ಇತ್ತು.

ಸಿಕ್ಕ ಬಸ್ಸು ಹಿಡಿದು ಊರಿಗೆ ಹೋದೆ. ಕಬ್ಬಿಗೆ ನೀರು ಹಾಯಿಸುತ್ತಿದ್ದ ಅಣ್ಣ ನನ್ನ ಮುಖ ನೋಡಿದವನೇ ಸನಿಕೆ ಕೆಳಗಿಟ್ಟ.

"ಹೊಳಿ ಬಂದಾಗ ದಂಡಿ ಕುಸೀತ ತಂಗಿ. ಅವ್ವಾನೂ ಹೋದ್ಲು. ಮ್ಯಾಲಿನ ಕಲ್ಲಷ್ಟ ಕೈಗೆ ಸಿಕ್ಕೂ, ತಂದ ಇಲ್ಲಿ ಕಟ್ಟಿದೆ."

"ನನಗ್ಯಾಕ ಹೇಳಲಿಲ್ಲ?"

"ನೀ ಎಡಿ ಕಟಗೊಂಡ ಬರಾಕಿ. ಎಲ್ಲಿ ಇಡ್ತಿದ್ದಿ?"

ಜಗಳ ಮಾಡಬೇಕೆಂದೇ ಬಂದಿದ್ದೆ. ಆಗಲಿಲ್ಲ. ಖಾಲಿ ಕಟ್ಟೆಯ ಮೇಲೆ ಕೂತು ಅತ್ತೆ. ಅವ್ವ ಸತ್ತ ದಿನ ಕೂಡ ಅಷ್ಟು ಅತ್ತಿರಲಿಲ್ಲ.

ಆಮೇಲೆ ಕೇಳಿದೆ, "ಮತ್ತ ನೀ ಎಲ್ಲಿ ಇಡ್ತಿ ಯಣ್ಣಾ?"

ಅವನು ಹೊಳೆಯ ಕಡೆ ನೋಡಿದ. "ನೀ ಹೋದ ಮ್ಯಾಲೆ ನನ್ನ ಎಡಿ ನೀರಾಗ ಬಿಡ್ತೀನಿ."